ಬೀಜವಿಲ್ಲದ ಬೆಳೆ: ಸವಣೂರು ಎಲೆಯ ಕಥೆ

ಶಿಗ್ಗಾಂವಿ, ಸವಣೂರು, ಹಾನಗಲ್ಲ ಕಡೆ ‘ಎಲಿ’ ಅಂದರೆ ಸಾಕು, ಯಾವ ಎಲೆ ಎಂದು ಯಾರೂ ಕೇಳುವುದಿಲ್ಲ. ಮಲಯಾಳದ ‘ವೆಟ್ಟಿಲ’ಕ್ಕೂ ಬರೀ ಎಲೆ ಎಂದೇ ಅರ್ಥ. ಪೋರ್ಚುಗೀಸರ ಬಾಯಿಂದ ಅದೇ ಮಾತು ಇಂಗ್ಲಿಷಿಗೆ ಹೋಗಿ ‘ಬೀಟಲ್’ ಆಯಿತು.

ವೀಳ್ಯದೆಲೆ ಕರಿಮೆಣಸಿನ ಕುಲದ ಬಳ್ಳಿ. ಇದರ ಮೂಲ ಮಲೇಷ್ಯಾ ಕಡೆಯದು ಎನ್ನುತ್ತಾರೆ ಸಸ್ಯಶಾಸ್ತ್ರಜ್ಞರು. ನಮ್ಮ ನಾಡಿಗೆ ಬಂದು ಬಹಳ ಕಾಲವಾಗಿದೆ. ಹಳೆಯ ಕನ್ನಡ ಶಾಸನಗಳಲ್ಲಿ ಎಲೆತೋಟ ಮಾಡುವ ತೋಂಟಿಗರೂ ಎಲೆ ಮಾರುವ ತಂಬುಲಿಗರೂ ಸಿಗುತ್ತಾರೆ. 12ನೇ ಶತಮಾನದ ಶರಣ ಹಡಪದ ಅಪ್ಪಣ್ಣನ ಹೆಸರಿನಲ್ಲೇ ಎಲೆ-ಅಡಿಕೆಯ ಚೀಲವಿದೆ. ಹಡಪ ಎಂದರೆ ಅದೇ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಈ ಎಲೆಯನ್ನು ಹೊಗಳಿ ಬರೆದಿಟ್ಟಿದ್ದಾನೆ.

17ನೇ ಶತಮಾನದಲ್ಲಿ ಅಬ್ದುಲ್ ರವೂಫ್ ಖಾನ್ ಕಟ್ಟಿದ ನವಾಬರ ಸಂಸ್ಥಾನಕ್ಕೆ ಸವಣೂರು ರಾಜಧಾನಿಯಾಯಿತು. ಆ ಸಂಸ್ಥಾನ 1948ರಲ್ಲಿ ಭಾರತದಲ್ಲಿ ವಿಲೀನವಾಯಿತು. ನವಾಬರ ಆಳ್ವಿಕೆ ಹೋಯಿತು, ಎಲೆಯ ಹೆಸರು ಉಳಿಯಿತು.

ಈ ಬೆಳೆಯಲ್ಲಿ ಅವಸರ ನಡೆಯುವುದಿಲ್ಲ. ಮೊದಲು ನುಗ್ಗೆ, ಚೊಗಚೆ, ಹಾಲಿವಾಣ ಬೆಳೆಸಬೇಕು. ಬಳ್ಳಿಗೆ ಅವೇ ಆಸರೆ, ಅವೇ ನೆರಳು. ತೇವ ಸದಾ ಇರಬೇಕು, ಆದರೆ ನೀರು ನಿಂತರೆ ಬುಡ ಕೊಳೆಯುತ್ತದೆ. ಬಳ್ಳಿ ಕೈಗೆ ಸಿಗದಷ್ಟು ಮೇಲೇರಿದಾಗ ಕೆಳಗಿಳಿಸಿ, ಬುಡದ ಭಾಗವನ್ನು ಸುತ್ತಿ ಮಣ್ಣಲ್ಲಿ ಹೂತು, ತುದಿಯನ್ನು ಮತ್ತೆ ಮರಕ್ಕೆ ಕಟ್ಟುತ್ತಾರೆ. ಹೂತ ಗೆಣ್ಣುಗಳಲ್ಲಿ ಹೊಸ ಬೇರು ಬಂದು ಬಳ್ಳಿಗೆ ಮತ್ತೆ ಹರೆಯ ಬರುತ್ತದೆ.

ಎಲೆಬಳ್ಳಿಯಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ತೋಟದಲ್ಲಿ ಅದು ಕಾಯಿ ಕಟ್ಟುವುದೇ ಅಪರೂಪ. ಆದ್ದರಿಂದ ರೈತರು ಬೀಜ ಬಿತ್ತುವುದಿಲ್ಲ, ಬಳ್ಳಿಯ ತುಂಡು ನೆಡುತ್ತಾರೆ. ಇಂದಿನ ಪ್ರತಿ ಬಳ್ಳಿಯೂ ಹಿಂದಿನ ಯಾವುದೋ ತೋಟದ ತುಂಡು. ಅಜ್ಜನ ಕೈಯಿಂದ ಮಗನಿಗೆ, ಬೀಗರ ಊರಿಂದ ನಮ್ಮೂರಿಗೆ ಹೀಗೇ ಬಂದಿದೆ. ಜೋಳವಾದರೆ ಬೀಜ ತೆಗೆದಿಡಬಹುದು. ಎಲೆಬಳ್ಳಿಯನ್ನು ಮಣ್ಣಿನಲ್ಲಿ ಜೀವಂತವಾಗಿಯೇ ಕಾಯಬೇಕು. ಒಂದು ಹಳೆಯ ತೋಟ ಕಿತ್ತರೆ, ಬೇರೆಲ್ಲೂ ಇಲ್ಲದ ತಳಿಯೊಂದು ಅಂದೇ ಮುಗಿಯಬಹುದು.

ತೋಟಿಗರ ಜಾಣ್ಮೆಯೂ ಹಾಗೆಯೇ. ಯಾವಾಗ ಬಳ್ಳಿ ಇಳಿಸಬೇಕು, ಯಾವ ಎಲೆ ಕೊಯ್ಯಬೇಕು ಎಂಬುದು ಕೈಯಿಂದ ಕೈಗೆ ಬಂದ ವಿದ್ಯೆ. ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವಿದೆ. ಜಾನಪದ ಎಂದರೆ ನಮಗೆ ಹಾಡು, ಕುಣಿತ ನೆನಪಾಗುತ್ತವೆ. ಎಲೆತೋಟದ ಕಸುಬೂ ಜಾನಪದವೇ.

ನಿಮ್ಮ ಊರಿನಲ್ಲಿ ಹಳೆಯ ಎಲೆತೋಟ ಇದ್ದರೆ ಒಮ್ಮೆ ಹೋಗಿ ಬನ್ನಿ. ಬಳ್ಳಿ ಎಲ್ಲಿಂದ ತಂದದ್ದು ಎಂದು ತೋಟದ ಹಿರಿಯರನ್ನು ಕೇಳಿ, ಅವರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಬರುವಾಗ ಒಂದು ತುಂಡು ಬಳ್ಳಿ ಕೇಳಿ ತಂದು ಹಿತ್ತಲ ನುಗ್ಗೆಮರದ ಬುಡಕ್ಕೆ ಹಚ್ಚಿ.