ಅಡಿಕೆ ತೋಟದ ಹಾವುಗಳಲ್ಲಿ ಗಂಡು–ಹೆಣ್ಣು: ಗುರುತಿಸುವಿಕೆ ಹಾಗೂ ಮುನ್ನೆಚ್ಚರಿಕೆ

ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳ ಅಡಿಕೆ ತೋಟ, ಗದ್ದೆ ಹಾಗೂ ಸೊಪ್ಪಿನ ಬೆಟ್ಟಗಳಲ್ಲಿ ಹಾವುಗಳು ಸಾಮಾನ್ಯ. ಕೇರೆಹಾವು ಮತ್ತು ನಾಗರಹಾವು ಜೋಡಿ, ಒಂದು ಗಂಡು, ಇನ್ನೊಂದು ಹೆಣ್ಣು ಎಂಬ ನಂಬಿಕೆ ಹಲವೆಡೆ ಇಂದಿಗೂ ಇದೆ. ಕೇರೆಯ ಹಿಂದೆಯೇ ನಾಗರ ಬರುವುದೆಂಬ ಭಯದಿಂದ ವಿಷರಹಿತವಾದ ಕೇರೆಯನ್ನು ಕೊಲ್ಲುವುದುಂಟು. ಇದರಿಂದ ಇಲಿ, ಹೆಗ್ಗಣಗಳನ್ನು ಹತೋಟಿಯಲ್ಲಿಡುವ ಜೀವಿಯೊಂದನ್ನು ರೈತರು ಕಳೆದುಕೊಳ್ಳುತ್ತಾರೆ. ಇವೆರಡೂ ಬೇರೆ ಬೇರೆ ಕುಟುಂಬಗಳ ಪ್ರಭೇದಗಳಾಗಿದ್ದು, ಪರಸ್ಪರ ಕೂಡುವುದಿಲ್ಲ. ಎರಡರಲ್ಲಿಯೂ ಗಂಡು ಹಾಗೂ ಹೆಣ್ಣು ಪ್ರತ್ಯೇಕವಾಗಿವೆ.

ದೇಹ ಲಕ್ಷಣಗಳು

ಗಂಡು ಹಾವಿನ ಜೋಡಿ ಜನನಾಂಗಗಳು ಬಾಲದ ಬುಡದೊಳಗೆ ಅಡಗಿರುತ್ತವೆ. ಆದ್ದರಿಂದ ಅದರ ಬಾಲದ ಬುಡ ದಪ್ಪವಾಗಿದ್ದು, ಬಾಲವು ಉದ್ದವಾಗಿ ನಿಧಾನವಾಗಿ ಸಪೂರಗೊಳ್ಳುತ್ತದೆ. ಹೆಣ್ಣಿನಲ್ಲಿ ಮಲದ್ವಾರದ ನಂತರ ಬಾಲವು ಥಟ್ಟನೆ ಸಪೂರವಾಗುತ್ತದೆ. ಕಳಚಿದ ಪೊರೆಯಲ್ಲಿಯೂ ಈ ವ್ಯತ್ಯಾಸದ ಸುಳಿವು ದೊರೆಯಬಹುದು. ಆದರೆ ಒಂದೇ ಪ್ರಭೇದದ ಪೊರೆಗಳನ್ನು ಮಾತ್ರ ಹೋಲಿಸಬೇಕು. ಜೀವಂತ ಹಾವನ್ನು ಹಿಡಿದು ಪರೀಕ್ಷಿಸುವುದು ತರಬೇತಿ ಪಡೆದ ತಜ್ಞರ ಕೆಲಸ. ಬಣ್ಣ ಅಥವಾ ಹೆಡೆಯನ್ನು ನೋಡಿ ಇವುಗಳ ಲಿಂಗವನ್ನು ನಿರ್ಧರಿಸಲಾಗದು.

ಗಾತ್ರವೂ ಖಚಿತ ಗುರುತಲ್ಲ. ಅನೇಕ ಹಾವುಗಳಲ್ಲಿ ಹೆಣ್ಣು ದೊಡ್ಡದು. ಕೇರೆ ಮತ್ತು ಕಾಳಿಂಗ ಸರ್ಪಗಳಲ್ಲಿ ಗಂಡೇ ದೊಡ್ಡದು. ಹೂಕುಂಡ, ಗೊಬ್ಬರದ ಮಣ್ಣಿನಲ್ಲಿ ಸಿಗುವ, ಎರೆಹುಳುವಿನಂತೆ ಕಾಣುವ ಪುಟ್ಟ ಕುರುಡುಹಾವಿನಲ್ಲಂತೂ ಎಲ್ಲವೂ ಹೆಣ್ಣೇ. ಅದು ಗಂಡಿಲ್ಲದೆಯೇ ಸಂತಾನ ಪಡೆಯುತ್ತದೆ.

ವರ್ತನೆ

ಎರಡು ಕೇರೆಹಾವುಗಳು ಹೆಣೆದುಕೊಂಡು ಮೇಲೆದ್ದು ಒಂದನ್ನೊಂದು ಕೆಳಗೊತ್ತುತ್ತಿದ್ದರೆ ಅದು ಮಿಲನವಲ್ಲ, ಎರಡು ಗಂಡುಗಳ ಕಾದಾಟ. ಮಿಲನದ ವೇಳೆ ಗಂಡು ಹೆಣ್ಣುಗಳು ನೆಲದ ಮೇಲೆಯೇ ಬಾಲಗಳನ್ನು ಕೂಡಿಸಿಕೊಂಡು ಬಹಳ ಹೊತ್ತು ಇರುತ್ತವೆ.

ಕಾಳಿಂಗ ಸರ್ಪ: ವಿಶೇಷ ಎಚ್ಚರ

2024ರಲ್ಲಿ ಪಶ್ಚಿಮ ಘಟ್ಟದ ಕಾಳಿಂಗವನ್ನು ಪ್ರತ್ಯೇಕ ಪ್ರಭೇದವೆಂದು ಗುರುತಿಸಿ 'ಒಫಿಯೋಫೇಗಸ್ ಕಾಳಿಂಗ' ಎಂದು ಹೆಸರಿಸಲಾಯಿತು. ಹೆಣ್ಣು ಕಾಳಿಂಗವು ಮಳೆಗಾಲಕ್ಕೆ ಮುನ್ನ ಒಣ ಎಲೆಗಳನ್ನು ಗುಡ್ಡೆ ಮಾಡಿ ಗೂಡು ಕಟ್ಟಿ, ಮೊಟ್ಟೆಯಿಟ್ಟು ಕಾವಲಿರುತ್ತದೆ. ಎಲೆಗುಡ್ಡೆಯ ಮೇಲೆ ಅಥವಾ ಪಕ್ಕದಲ್ಲಿ ಕದಲದೆ ಇರುವ ಕಾಳಿಂಗವು ಬಹುಮಟ್ಟಿಗೆ ಹೆಣ್ಣೇ. ನಮ್ಮಲ್ಲಿ ಸಾಮಾನ್ಯವಾಗಿ ಬಳಸುವ ವಿಷನಿರೋಧಕ ಚುಚ್ಚುಮದ್ದನ್ನು ನಾಗರ, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲಗಳ ವಿಷಕ್ಕಾಗಿ ತಯಾರಿಸಲಾಗುತ್ತದೆ. ಕಾಳಿಂಗದ ವಿಷ ಅದರಲ್ಲಿ ಸೇರಿಲ್ಲ. ಆದುದರಿಂದ ಗೂಡಿನ ಬಳಿಗೆ ಹೋಗಲೇಬಾರದು.

ರೈತರಿಗೆ ಸಲಹೆಗಳು

1. ಬೆಟ್ಟದಲ್ಲಿ ದರಕು ಒಟ್ಟುವಾಗ ಎಲೆರಾಶಿಗೆ ನೇರವಾಗಿ ಕೈ ಹಾಕದೆ ಉದ್ದ ಹಿಡಿಯ ಸಾಧನ ಬಳಸಬೇಕು, ಬೂಟು ಧರಿಸಬೇಕು.
2. ಕಾಳಿಂಗದ ಗೂಡು ಕಂಡರೆ ದೂರ ಸರಿದು, ಕೆಲಸದಾಳುಗಳಿಗೂ ತಿಳಿಸಿ, ವಲಯ ಅರಣ್ಯ ಕಚೇರಿಗೆ ಮಾಹಿತಿ ನೀಡಬೇಕು.
3. ಕೇರೆಹಾವನ್ನು ಅದರ ಪಾಡಿಗೆ ಬಿಡಬೇಕು. ಈ ಹಾವುಗಳನ್ನು ಹಿಡಿದು ಸಾಕುವುದು ಅಥವಾ ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ವಯ ಅಪರಾಧ.
4. ವಿಷದ ಹಾವು ಗಂಡಾಗಲಿ ಹೆಣ್ಣಾಗಲಿ, ಮರಿಯೇ ಆಗಲಿ, ಅಪಾಯಕಾರಿಯೇ. ಕಚ್ಚಿದಾಗ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ನಾಟಿ ಔಷಧಕ್ಕಾಗಿ ಕಾಲಹರಣ ಮಾಡುವುದು ಸಲ್ಲದು. ಕಚ್ಚಿದ ಭಾಗವನ್ನು ಅಲುಗಾಡಿಸದೆ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ಆಂಬ್ಯುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡಬೇಕು. ಹಾವನ್ನು ಹುಡುಕಿ ತರುವ ಅಗತ್ಯವಿಲ್ಲ.