ಅರ್ಧಬಲದ ಲೆಕ್ಕ

ಬಲ ಬೆಳೆಯಬೇಕಾದರೆ ಇರುವ ಬಲವನ್ನೆಲ್ಲ ಸುರಿಯಬೇಕೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ವಾರವಿಡೀ ಕಚೇರಿಯ ಕುರ್ಚಿಯಲ್ಲಿ ಕುಳಿತವರು ಭಾನುವಾರ ಜಿಮ್ಮಿಗೆ ಹೋಗಿ ಬಾಕಿಯನ್ನೆಲ್ಲ ಒಂದೇ ದಿನ ತೀರಿಸಹೊರಡುವುದು ಈ ನಂಬಿಕೆಯಿಂದಲೇ. ಇತಿಹಾಸ ಹೇಳುವ ಮಾತು ಬೇರೆ.

ಸುಶ್ರುತಸಂಹಿತೆ ವ್ಯಾಯಾಮಕ್ಕೆ ವಿಧಿಸುವ ಮಿತಿ ‘ಬಲಾರ್ಧ’. ಬಾಯಿಂದ ಉಸಿರು ಹೊರಡತೊಡಗಿದರೆ ಶಕ್ತಿಯ ಅರ್ಧ ವ್ಯಯವಾಯಿತೆಂದು ತಿಳಿದು ನಿಲ್ಲಿಸಬೇಕು. ವಾಗ್ಭಟನ ಅಷ್ಟಾಂಗಹೃದಯವು ಬಲಶಾಲಿಗಳಿಗೂ ಚಳಿಗಾಲ ಮತ್ತು ವಸಂತದಲ್ಲಿ ಅರ್ಧಬಲವನ್ನಷ್ಟೇ ವಿಧಿಸುತ್ತದೆ. ಉಳಿದ ಋತುಗಳಲ್ಲಿ ಅದಕ್ಕಿಂತಲೂ ಕಡಿಮೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ 12ನೆಯ ಶತಮಾನದ್ದು. ಅದರ ಮಲ್ಲವಿನೋದ ಭಾಗವು ಜಟ್ಟಿಗಳನ್ನು ವಯಸ್ಸು, ಮೈಕಟ್ಟು, ಬಲಗಳಿಗೆ ತಕ್ಕಂತೆ ವಿಂಗಡಿಸುತ್ತದೆ. ಭಾರ ಎತ್ತುವ ಭಾರಶ್ರಮದ ಜೊತೆಗೆ ನಡಿಗೆಯ ಭ್ರಮಣಶ್ರಮ, ಈಜಿನ ಸಲಿಲಶ್ರಮಗಳನ್ನೂ ಹೇಳುತ್ತದೆ. ಎಲ್ಲರಿಗೂ ಒಂದೇ ಅಳತೆ ಸಲ್ಲದೆಂಬ ವಿವೇಕ ಇಲ್ಲಿ ನಮಗೆ ಕಾಣುತ್ತದೆ.

ಆಧುನಿಕ ಕಾಲದಲ್ಲಿ ‘ಶಾಂತಲಾ’ ಕಾದಂಬರಿಕಾರ ಕೆ. ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದರು. 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ ಬರೆದರು. ಕಬ್ಬಿಣದ ಭಾರವನ್ನು ಯೋಗಾಸನದೊಡನೆ ಬೆಸೆದದ್ದು ಅವರ ಮಾರ್ಗ.

ಪಶ್ಚಿಮದಲ್ಲಿ ಇದೇ ಪ್ರಶ್ನೆಯನ್ನು ಎದುರಿಸಿದವನು ಅಮೆರಿಕದ ಸೇನಾವೈದ್ಯ ಥಾಮಸ್ ಡಿಲೋರ್ಮ್. ಗಾಯಗೊಂಡ ಸೈನಿಕರಿಗೆ ಆತ ಮೊದಲು 70ರಿಂದ 100 ಬಾರಿ ಭಾರ ಎತ್ತಿಸುತ್ತಿದ್ದ. 1948ರಲ್ಲಿ ವಾಟ್ಕಿನ್ಸ್ ಜೊತೆಗೂಡಿ ಅದು ಅತಿಯಾಯಿತೆಂದು ಬರೆದು, 20ರಿಂದ 30ಕ್ಕೆ ಇಳಿಸಿದ. ಒಬ್ಬನು ಹತ್ತು ಬಾರಿ ಎತ್ತಬಲ್ಲ ಗರಿಷ್ಠ ಭಾರದ ಅರ್ಧದಿಂದ ಆರಂಭ, ಆಮೇಲೆ ಮುಕ್ಕಾಲು, ಕೊನೆಯ ಸುತ್ತಿನಲ್ಲಿ ಮಾತ್ರ ಪೂರ್ತಿ. ಸುಶ್ರುತನದು ದಣಿವಿನ ಅಳತೆ, ಡಿಲೋರ್ಮನದು ತೂಕದ ಅಳತೆ, ಎರಡೂ ಒಂದಲ್ಲ. ಆದರೂ ದುಡಿಸುವಷ್ಟೇ ಎಚ್ಚರದಿಂದ ದೇಹವನ್ನು ಉಳಿಸಿಕೊಳ್ಳಬೇಕೆಂಬಲ್ಲಿ ಇಬ್ಬರೂ ಕೂಡುತ್ತಾರೆ.

ಘಾಜಿಯಾಬಾದಿನಲ್ಲಿ ನೆಲೆಸಿದ ನಮಗೆ ಈ ಲೆಕ್ಕದಲ್ಲಿ ಇನ್ನೊಂದು ತೊಡಕಿದೆ. 2019ರ ಐಕ್ಯೂಏರ್ ವರದಿಯಲ್ಲಿ ಈ ಊರು ಜಗತ್ತಿನಲ್ಲೇ ಅತಿ ಕಲುಷಿತ ಗಾಳಿಯ ನಗರ. ವಾಗ್ಭಟನು ವ್ಯಾಯಾಮಕ್ಕೆ ಒಳ್ಳೆಯದೆಂದ ಚಳಿಗಾಲವೇ ಇಲ್ಲಿ ಹೊಗೆಮಂಜಿನ ಕಾಲ. ಬಾಯಿಂದ ಉಸಿರೆಳೆಯುವಷ್ಟು ಓಡಿದರೆ ಆ ಗಾಳಿಯೇ ಇನ್ನಷ್ಟು ಎದೆಗಿಳಿಯುತ್ತದೆ. ಅಂಥ ಮುಂಜಾನೆಗಳಲ್ಲಿ ಬಯಲಿನ ಓಟವನ್ನು ಬಿಟ್ಟು ಮನೆಯೊಳಗೆ ನಾಲ್ಕು ದಂಡ, ಹತ್ತು ಬಸ್ಕಿಗೆ ತೃಪ್ತರಾಗುವುದು ಸೋಮಾರಿತನವಲ್ಲ. ಋತುವನ್ನು ನೋಡಿ ಅಳತೆಯನ್ನು ಬದಲಿಸಬೇಕೆಂದು ಹೇಳಿದವನೂ ಆ ವಾಗ್ಭಟನೇ.