ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ
ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಮತ್ತು ಛಾಯಾಗ್ರಾಹಕಿ ಕ್ಲೇರ್ ಆರ್ನಿ 2000ರಿಂದ 2004ರವರೆಗೆ ಜಂಟಿಯಾಗಿ ರೂಪಿಸಿದ ಛಾಯಾಚಿತ್ರ ಸರಣಿ. ಪೂರ್ಣ ಹೆಸರು 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ: ಮ್ಯಾನರ್ಸ್ ಅಂಡ್ ಕಸ್ಟಮ್ಸ್'. ವಸಾಹತು ಕಾಲದ ಜನಾಂಗ ವಿವರಣೆಯ ಗ್ರಂಥಗಳ ಧಾಟಿಯನ್ನು ಅಣಕಿಸಲೆಂದೇ ಇಟ್ಟ ಹೆಸರಿದು.

ಬರೋಡಾದಲ್ಲಿ ಶಿಲ್ಪಕಲೆ ಕಲಿತ ಪುಷ್ಪಮಾಲಾ (ಜನನ 1956) ಇಲ್ಲಿ ಸ್ವತಃ ವೇಷ ಹಾಕಿ ಕ್ಯಾಮೆರಾದ ಮುಂದೆ ನಿಲ್ಲುತ್ತಾರೆ. ರಾಜಾ ರವಿವರ್ಮನ ಲಕ್ಷ್ಮಿ, ಅವನದೇ ಬೆಳದಿಂಗಳ ಹೆಣ್ಣು, ಬಿಜಾಪುರ ಶೈಲಿಯ ಚಿಕಣಿ ಚಿತ್ರದ ಯೋಗಿನಿ, ತಮಿಳು ಸಿನಿಮಾದ ಚಾವಟಿ ಹಿಡಿದ ನಾಯಕಿ, ಪತ್ರಿಕೆಯಲ್ಲಿ ಅಚ್ಚಾದ ಆರೋಪಿಗಳು ಎಲ್ಲರೂ ಹೀಗೆ ಮರುಹುಟ್ಟು ಪಡೆದವರು. ಬಣ್ಣ ಬಳಿದ ಪರದೆ, ಸೀರೆ, ಒಡವೆ, ಬೆಳಕು ಎಲ್ಲವನ್ನೂ ಮೂಲಚಿತ್ರಕ್ಕೆ ಹೊಂದಿಸಿದ್ದರೂ ಲಕ್ಷ್ಮಿಯ ತಾವರೆ ನಿಜವಾದುದಲ್ಲವೆಂಬುದು, ಪರದೆಯ ಹಿಂದೆ ಸ್ಟುಡಿಯೊ ಇದೆಯೆಂಬುದು ನೋಡುಗನಿಗೆ ಗೊತ್ತಾಗಿಯೇ ಆಗುತ್ತದೆ. ನಗು ಹುಟ್ಟುವುದೂ ಅಲ್ಲಿಯೇ.

ಆದರೆ ಸರಣಿಯ ತೀಕ್ಷ್ಣ ಭಾಗ ಬೇರೆಯದು. ಚೌಕುಳಿ ಪರದೆಯ ಮುಂದೆ ಬುಡಕಟ್ಟು ಹೆಣ್ಣಾಗಿ ನಿಂತ ಪುಷ್ಪಮಾಲಾರನ್ನು ಅಳತೆಯ ಉಪಕರಣದಿಂದ ಅಳೆಯಲಾಗುತ್ತದೆ. 19ನೆಯ ಶತಮಾನದ ಮಾನವಶಾಸ್ತ್ರಜ್ಞರು ದೇಹಗಳನ್ನು ಹೋಲಿಸಲು ಬಳಸಿದ ಚೌಕುಳಿ ಅದು. ದೇವಿಯನ್ನು ಬರೆದ ಕುಂಚ, 'ಮಾದರಿ'ಯನ್ನು ಹಿಡಿದ ಮಸೂರ ಎರಡೂ ಹೆಣ್ಣನ್ನು ಒಂದು ಅಚ್ಚಿಗೆ ಇಳಿಸಿದವು ಎಂಬ ವಾದ ಇಲ್ಲಿ ಹೆಚ್ಚು ಗಟ್ಟಿಯಾಗಿ ಕೇಳಿಸುತ್ತದೆ.

ಚಿತ್ರೀಕರಣದ ಹಿನ್ನೆಲೆಯನ್ನೇ ತೋರಿಸುವ 'ಪ್ರೋಸೆಸ್ ಸೀರೀಸ್' ಕೂಡ ಈ ಯೋಜನೆಯ ಅಂಗ. ಯೋಜನೆಗೆ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ನೆರವು ನೀಡಿತ್ತು.